ಪೀಕ್ ಜರುಗಿತು ಅಂದರೆ ಅಣು ಅಲ್ಲೇ ಅಂಟಿತು ಅಂತಲಾ?

ಓದುಗರ ಪ್ರಶ್ನೆ: "ನಮ್ಮ ಪ್ರೋಟೀನಿಗೆ ಒಂದು ಚಿಕ್ಕ ಅಣು ಸೇರಿಸಿ ಎನ್‌ಎಂಆರ್ ತೆಗೆದೆವು. ಹನ್ನೆರಡು ಪೀಕ್‌ಗಳು ಜಾಗ ಬದಲಿಸಿವೆ. ಆ ಹನ್ನೆರಡು ಅಮೈನೋ ಆಮ್ಲಗಳಿಗೇ ಅಣು ಅಂಟಿದೆ ಅಂತ ಬರೆಯಬಹುದಾ?"

ಈಗಲೇ ಬರೆಯಬೇಡಿ. ಎನ್‌ಎಂಆರ್ ಅಂದರೆ ಬಲವಾದ ಅಯಸ್ಕಾಂತದೊಳಗೆ ಪರಮಾಣುಗಳು ಕೊಡುವ ಸಂಕೇತಗಳನ್ನು ಅಳೆಯುವ ವಿಧಾನ, ಪೀಕ್ ಅಂದರೆ ಅಂಥ ಒಂದು ಸಂಕೇತ. ಪೀಕ್ ಜರುಗಿದ್ದರಿಂದ ಗೊತ್ತಾಗುವುದು ಇಷ್ಟೇ: ಆ ಜಾಗದ ಸುತ್ತಮುತ್ತ ಏನೋ ಬದಲಾಗಿದೆ. ಯಾವುದರಿಂದ ಬದಲಾಯಿತು, ಹತ್ತಿರದಿಂದಲೋ ದೂರದಿಂದಲೋ ಅನ್ನೋದು ಬೇರೆ ಪ್ರಶ್ನೆ. ಈ ಎರಡನ್ನು ಒಂದೇ ಅಂದುಕೊಂಡು ತಿಂಗಳುಗಟ್ಟಲೆ ಕೆಲಸ ಹಾಳಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ತೆಗೆದದ್ದು ಎಚ್‌ಎಸ್‌ಕ್ಯೂಸಿ ಇರಬೇಕು, ಅಂದರೆ ನೈಟ್ರೋಜನ್ ಮತ್ತು ಅದಕ್ಕೆ ಅಂಟಿದ ಹೈಡ್ರೋಜನ್‌ನ ಸಂಕೇತವನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಎನ್‌ಎಂಆರ್ ಪ್ರಯೋಗ. ಅದಕ್ಕೆ ನೈಟ್ರೋಜನ್-15 ಅನ್ನೋ ಸ್ವಲ್ಪ ಭಾರದ ನೈಟ್ರೋಜನ್ ಬೇಕು. ಪ್ರಕೃತಿಯಲ್ಲಿರುವ ನೈಟ್ರೋಜನ್‌ನಲ್ಲಿ ಅದರ ಪಾಲು ಶೇ. 0.4 ಕೂಡ ಇಲ್ಲ. ಹಾಗಾಗಿ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ನೈಟ್ರೋಜನ್-15 ಇರುವ ಅಮೋನಿಯಂ ಕ್ಲೋರೈಡ್ ಬಿಟ್ಟು ಬೇರೆ ನೈಟ್ರೋಜನ್ ಏನನ್ನೂ ಕೊಡದೆ ಬೆಳೆಸುತ್ತೇವೆ, ಅದು ವಿಧಿಯಿಲ್ಲದೆ ಅದನ್ನೇ ತಿಂದು ಅದರಿಂದಲೇ ನಮ್ಮ ಪ್ರೋಟೀನನ್ನು ಕಟ್ಟುತ್ತದೆ. ಆಮೇಲೆ ಸ್ಪೆಕ್ಟ್ರಂ (ಪೀಕ್‌ಗಳ ನಕ್ಷೆ) ತೆಗೆದರೆ, ಪ್ರೋಲೀನ್ ಒಂದನ್ನು ಬಿಟ್ಟು, ಹೆಚ್ಚುಕಡಿಮೆ ಪ್ರತಿ ಅಮೈನೋ ಆಮ್ಲಕ್ಕೂ ಒಂದೊಂದು ಚುಕ್ಕಿ, ಅಂದರೆ ಪೀಕ್, ಸಿಗುತ್ತದೆ. ರಂಗೋಲಿಗೆ ಚುಕ್ಕಿ ಇಡಲು ಹೋಗಿ ಸಾಲು ತಪ್ಪಿ ಚೆಲ್ಲಿದ ಹಾಗೆ ಕಾಣುತ್ತದೆ. ಆದರೆ ಪ್ರತಿ ಚುಕ್ಕಿಗೂ ಒಬ್ಬ ಮಾಲೀಕ ಇದ್ದಾನೆ, ಅವನ ಸುತ್ತಲಿನ ಎಲೆಕ್ಟ್ರಾನ್‌ಗಳು ಚೂರು ಅಲುಗಿದರೂ ಚುಕ್ಕಿ ಜರುಗುತ್ತದೆ. ಇಷ್ಟು ಸೂಕ್ಷ್ಮವಾಗಿರೋದು ಇದರ ದೊಡ್ಡ ಗುಣ. ತೊಂದರೆ ಆಗೋದೂ ಇದರಿಂದಲೇ.

ಮೊದಲ ಅನುಮಾನ ಬಫರಿನ (ಪ್ರೋಟೀನು ಕರಗಿರುವ, ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣದ) ಮೇಲೆ ಇರಲಿ. ನಿಮ್ಮ ಅಣುವನ್ನು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿ ಹಾಕಿದ್ದೀರಿ, ಅಲ್ವಾ? ಹಾಗಿದ್ದರೆ ಅಷ್ಟೇ ಡಿಎಂಎಸ್‌ಒವನ್ನು, ಅಣು ಇಲ್ಲದೆ, ಇನ್ನೊಂದು ಟ್ಯೂಬಿಗೆ ಹಾಕಿ ಸ್ಪೆಕ್ಟ್ರಂ ತೆಗೆಯಿರಿ. ಅಲ್ಲೂ ಅವೇ ಚುಕ್ಕಿಗಳು ಅಷ್ಟೇ ಜರುಗಿದರೆ ನಿಮ್ಮ ಅಣುವಿನ ಪಾತ್ರ ಏನೂ ಇಲ್ಲ. ಇನ್ನೊಂದು ಪಿಎಚ್, ಅಂದರೆ ಆಮ್ಲೀಯತೆಯ ಅಳತೆ. ಅಣು ಆಮ್ಲವಾಗಿದ್ದು, ಬಫರ್ ತೆಳುವಾಗಿದ್ದರೆ, ಟ್ಯೂಬಿನ ಪಿಎಚ್ 0.2ರಷ್ಟು ಇಳಿದರೂ ಸಾಕು, ಹಿಸ್ಟಿಡೀನ್ ಅನ್ನೋ ಅಮೈನೋ ಆಮ್ಲಗಳ ಆಸುಪಾಸಿನ ಚುಕ್ಕಿಗಳು ಹೊರಟುಬಿಡುತ್ತವೆ. ಜರುಗಿದ ಹನ್ನೆರಡರಲ್ಲಿ ಹಿಸ್ಟಿಡೀನ್ ಮತ್ತು ಅದರ ನೆರೆಯವರೇ ಜಾಸ್ತಿ ಇದ್ದರೆ, ಮೊದಲು ಅಣು ಸೇರಿಸಿ ಮುಗಿದ ಸ್ಯಾಂಪಲಿನ ಪಿಎಚ್ ಅಳೆಯಿರಿ. ಎರಡು ನಿಮಿಷದ ಕೆಲಸ.

ಅದೆಲ್ಲ ಸರಿಯಿದ್ದರೂ ಇನ್ನೊಂದು ವಿಷಯ ಉಳಿಯುತ್ತದೆ. ಜಮಖಾನದ ಒಂದು ಮೂಲೆ ಎಳೆದರೆ ಇನ್ನೊಂದು ಕಡೆ ಸುಕ್ಕು ಏಳುತ್ತದಲ್ಲ, ಪ್ರೋಟೀನಿನಲ್ಲೂ ಹಾಗೆಯೇ. ಅಣು ಒಂದು ಕಡೆ ಕೂತರೆ ದೂರದ ಚುಕ್ಕಿಗಳೂ ಜರುಗಬಹುದು.

ಚುಕ್ಕಿ ಹೇಗೆ ಜರುಗಿತು ಅನ್ನೋದನ್ನೂ ನೋಡಬೇಕು. ಅದಕ್ಕೇ ಅಣುವನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಪ್ರತಿ ಸಲವೂ ಸ್ಪೆಕ್ಟ್ರಂ ತೆಗೆಯೋದು. ಸಡಿಲವಾಗಿ ಅಂಟುವ ಅಣು ಸೆಕೆಂಡಿಗೆ ಸಾವಿರಾರು ಸಲ ಬಂದು ಹೋಗುತ್ತಿರುತ್ತದೆ. ಆಗ ನಮಗೆ ಸಿಗುವುದು ಸರಾಸರಿ ಮಾತ್ರ: ಪ್ರೋಟೀನಿನ ಶೇ. 30 ಭಾಗ ಅಣುವಿನ ಜೊತೆಗಿದ್ದರೆ ಚುಕ್ಕಿ ಶೇ. 30ರಷ್ಟು ದಾರಿ ಸಾಗಿರುತ್ತದೆ. ಈ ಲೆಕ್ಕದಿಂದಲೇ ಅಂಟಿನ ಬಲವನ್ನು ಅಳೆಯುತ್ತೇವೆ. ಚುಕ್ಕಿ ನೇರ ಗೆರೆಯಲ್ಲಿ ಹೋಗದೆ ಬಳುಕಿದರೆ ಎರಡನೇ ಜಾಗಕ್ಕೂ ಅಣು ಅಂಟುತ್ತಿರಬಹುದು. ಗಟ್ಟಿಯಾಗಿ ಅಂಟುವ ಅಣುವಾದರೆ ಚುಕ್ಕಿ ನಡೆದು ಹೋಗುವುದೇ ಇಲ್ಲ, ಹಳೇ ಜಾಗದಲ್ಲಿ ಮಸುಕಾಗುತ್ತಾ ಹೊಸ ಜಾಗದಲ್ಲಿ ಮೂಡುತ್ತದೆ. ಇವೆರಡರ ನಡುವಿನ ವೇಗದಲ್ಲಿ ಅದು ಅಗಲವಾಗಿ ಹರಡಿ ಕಾಣದೇ ಹೋಗುತ್ತದೆ. ಹೀಗೆ ಮಾಯವಾದ ಚುಕ್ಕಿಗಳನ್ನು ಸುಮ್ನೆ ಪಟ್ಟಿಯಿಂದ ಕೈಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಸಲ ಅಣುವಿಗೆ ತೀರಾ ಹತ್ತಿರ ಇರುವವೇ ಅವು.

ಇದನ್ನೆಲ್ಲ ಸರಿಯಾಗಿ ಮಾಡಿದರೆ ಏನು ಸಿಗುತ್ತದೆ ಅನ್ನೋದಕ್ಕೆ 1996ರ ಒಂದು ಕೆಲಸ ನನಗೆ ಯಾವಾಗಲೂ ನೆನಪಾಗುತ್ತದೆ. ಅಮೆರಿಕದ ಅಬಾಟ್ ಪ್ರಯೋಗಾಲಯದಲ್ಲಿ ಸ್ಟೀಫನ್ ಫೆಸಿಕ್ ತಂಡ ಎಫ್‌ಕೆಬಿಪಿ ಅನ್ನೋ ಪ್ರೋಟೀನಿನ ಚುಕ್ಕಿಗಳನ್ನು ನೋಡುತ್ತಾ ಅದಕ್ಕೆ ಅಂಟುವ ಅಣುಗಳನ್ನು ಹುಡುಕಿತು. ಸಿಕ್ಕ ಒಂದರ ಬಲ 2 ಮೈಕ್ರೊಮೋಲಾರ್ (ಈ ಸಂಖ್ಯೆ ಕಡಿಮೆ ಆದಷ್ಟೂ ಅಂಟು ಗಟ್ಟಿ). ಅದರ ಜಾಗವನ್ನು ಅದರಿಂದಲೇ ತುಂಬಿಸಿಟ್ಟು, ಪಕ್ಕದ ಜಾಗಕ್ಕೆ ಇನ್ನೊಂದನ್ನು ಹುಡುಕಿದರು, ಸಿಕ್ಕಿದ್ದು 100 ಮೈಕ್ರೊಮೋಲಾರ್, ಅಂದರೆ ತೀರಾ ದುರ್ಬಲ. ಎರಡನ್ನೂ ಸೇರಿಸಿ ಒಂದೇ ಅಣು ಮಾಡಿದಾಗ ಬಲ 19 ನ್ಯಾನೊಮೋಲಾರ್‌ಗೆ ಬಂತು (ಸಾವಿರ ನ್ಯಾನೊ ಸೇರಿದರೆ ಒಂದು ಮೈಕ್ರೊ). ಮೊದಲನೆಯದಕ್ಕಿಂತ ಸುಮಾರು ನೂರು ಪಟ್ಟು ಗಟ್ಟಿ! ಆದರೆ ಎರಡನ್ನು ಎಲ್ಲಿ ಜೋಡಿಸಬೇಕು ಅಂತ ಅವರು ಜರುಗಿದ ಚುಕ್ಕಿ ನೋಡಿಯೇ ತೀರ್ಮಾನ ಮಾಡಲಿಲ್ಲ. ಅದಕ್ಕೆ ಎನ್‌ಒಇ ಅಳೆದು, ಯಾವುದು ಯಾವುದರ ಪಕ್ಕ ಇದೆ ಅಂತ ಖಚಿತ ಮಾಡಿಕೊಂಡರು.

ಎನ್‌ಒಇ ಅಂದರೆ ಎರಡು ಹೈಡ್ರೋಜನ್‌ಗಳು ಸುಮಾರು ಅರ್ಧ ನ್ಯಾನೊಮೀಟರ್ ಒಳಗೆ ಇದ್ದರೆ ಮಾತ್ರ ಸಿಗುವ ಸಂಕೇತ. ದೂರ ಎರಡರಷ್ಟಾದರೆ ಅದು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ದೂರದ ಸುಕ್ಕು ನಮ್ಮನ್ನು ಇಲ್ಲಿ ಅಷ್ಟು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ. ಇದನ್ನು ಎರಡು ಆಯಾಮದಲ್ಲಿ ಪ್ರೋಟೀನುಗಳಿಗೆ ಬಳಸುವ ವಿಧಾನವನ್ನು 1980ರಲ್ಲಿ ಪ್ರಕಟಿಸಿದ ಮೂವರು ಅನಿಲ್ ಕುಮಾರ್, ರಿಚರ್ಡ್ ಅರ್ನ್ಸ್ಟ್ ಮತ್ತು ಕುರ್ಟ್ ವುಥ್ರಿಚ್. ಮೊದಲನೆಯವರು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಈಗ ನಿಮ್ಮ ಹನ್ನೆರಡಕ್ಕೆ ಬರೋಣ. ಡಿಎಂಎಸ್‌ಒ ಮತ್ತು ಪಿಎಚ್ ಪರೀಕ್ಷೆ ಮುಗಿಸಿ, ಉಳಿದವನ್ನೂ ಮಾಯವಾದವನ್ನೂ ಪ್ರೋಟೀನಿನ ಚಿತ್ರದ ಮೇಲೆ ಬಣ್ಣ ಹಚ್ಚಿ ನೋಡಿ. ಒಂದೇ ಮುಖದಲ್ಲಿ ಗುಂಪಾಗಿದ್ದರೆ "ಬಹುಶಃ ಇಲ್ಲಿ ಅಂಟುತ್ತದೆ" ಅಂತ ಧೈರ್ಯವಾಗಿ ಬರೆಯಿರಿ. ಚದುರಿದ್ದರೆ, ಕಾರ್ಬನ್-13 (ನೈಟ್ರೋಜನ್-15ರ ಹಾಗೇ ಸ್ವಲ್ಪ ಭಾರದ ಕಾರ್ಬನ್) ತುಂಬಿದ ಪ್ರೋಟೀನು ಮಾಡಿಕೊಂಡು ಅಣುವಿಗೂ ಪ್ರೋಟೀನಿಗೂ ನಡುವಿನ ಎನ್‌ಒಇ ಹುಡುಕಿ. ಆ "ಬಹುಶಃ" ತೆಗೆಯೋದು ಎನ್‌ಒಇ ಸಿಕ್ಕ ಮೇಲೆ.