ಬಾತ ಬ್ಯಾಟರಿ: ಮುಚ್ಚಳ ತೆಗೆದು ನೋಡುತ್ತಿದ್ದ ಕಾಲದಿಂದ ಅಂಟು ಹಾಕಿದ ಕಾಲದವರೆಗೆ

ದಾವಣಗೆರೆಯ ಅಶೋಕ ರಸ್ತೆ ಕಡೆಯ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಕಿವಿಗೆ ಬೀಳುತ್ತದೆ: "ಬ್ಯಾಟರಿ ಬಾತೈತ್ರಿ, ಚಾರ್ಜಿಗೆ ಹಾಕಬ್ಯಾಡ್ರಿ." ಎದುರಿಗೆ ನಿಂತವರ ಉತ್ತರವೂ ಹೆಚ್ಚುಕಡಿಮೆ ಒಂದೇ: "ಇನ್ನೊಂದೆರಡ್ ತಿಂಗಳು ಓಡಂಗಿಲ್ಲೇನ್ರಿ?" ಪರದೆ ಒಂದು ಮೂಲೆಯಲ್ಲಿ ಎದ್ದಿರುತ್ತದೆ, ಸಂದಿಯಲ್ಲಿ ಬೆಳಕು ಕಾಣುತ್ತಿರುತ್ತದೆ, ಆದರೂ ಫೋನು ಕೆಲಸ ಮಾಡುತ್ತಿರುತ್ತದೆ. ಕೆಲಸ ಮಾಡುವ ವಸ್ತು ಅಪಾಯಕಾರಿ ಎಂದು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಫೋನಿನೊಳಗಿರುವ ಈ ಲಿಥಿಯಂ ಬ್ಯಾಟರಿಯ ಹುಟ್ಟನ್ನು ಚಿಕ್ಕದಾಗಿ ಹೇಳಿಬಿಡಬಹುದು. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ದಾರಿ ತೆರೆದರು, 1980ರಲ್ಲಿ ಜಾನ್ ಗುಡಿನಫ್ ಕೋಬಾಲ್ಟ್ ಆಕ್ಸೈಡ್ ತಂದರು, 1985ರಲ್ಲಿ ಅಕಿರಾ ಯೋಶಿನೊ ಅದನ್ನು ಬಳಸಬಹುದಾದ ರೂಪಕ್ಕೆ ಇಳಿಸಿದರು, 1991ರಲ್ಲಿ ಸೋನಿ ಮಾರುಕಟ್ಟೆಗೆ ಬಿಟ್ಟಿತು. 2019ರಲ್ಲಿ ಆ ಮೂವರಿಗೂ ನೊಬೆಲ್ ಬಂತು.

ನಮ್ಮ ಊರಿನ ಮಟ್ಟಿಗೆ ಕಥೆ ಶುರುವಾಗುವುದು ಬಿಎಲ್-5ಸಿ ಎಂಬ ನೋಕಿಯಾ ಬ್ಯಾಟರಿಯಿಂದ. ನೋಕಿಯಾ 1100 ಬಂದ ಮೇಲೆ ಮಂಡಿಪೇಟೆಯ ಹಮಾಲರಿಂದ ಹಿಡಿದು ಭದ್ರಾ ನಾಲೆ ಬಯಲಿನ ರೈತರವರೆಗೆ ಎಲ್ಲರ ಜೇಬಿನಲ್ಲೂ ಆ ಚಪ್ಪಟೆ ಬ್ಯಾಟರಿ ಇತ್ತು. 2007ರ ಆಗಸ್ಟ್‌ನಲ್ಲಿ, 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಾದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು ಎಂದು ಕಂಪನಿಯೇ ಪ್ರಕಟಿಸಿತು. ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣಗಳು ಸುಮಾರು ನೂರು, ಗಂಭೀರ ಗಾಯವಾದ ವರದಿ ಇರಲಿಲ್ಲ. ಸುದ್ದಿ ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಅದು "ಮೊಬೈಲ್ ಬಾಂಬ್" ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ ಜನ ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿ ತಿರುವಿ ಹಿಡಿದು, ತಮ್ಮದೂ ಆ ಪೈಕಿಯದೇ ಎಂದು ತಿಳಿಯಲು ಅದರ ಮೇಲಿನ 26 ಅಕ್ಷರ-ಅಂಕಿಗಳನ್ನು ಓದಲು ಹೆಣಗುತ್ತಿದ್ದರು. ಕಣ್ಣು ಮಂಜಾದವರು ಪಕ್ಕದ ಹುಡುಗರ ಕೈಗೆ ಕೊಡುತ್ತಿದ್ದರು.

ಆ ಗಾಬರಿಯಲ್ಲಿ ಅತಿರೇಕವಿತ್ತು, ನಿಜ. ಆದರೆ ಅದರ ಜೊತೆಗೆ ಒಂದು ಒಳ್ಳೆಯ ಅಭ್ಯಾಸವೂ ಊರಿನ ಕೈಗೆ ಹತ್ತಿತ್ತು: ಬ್ಯಾಟರಿಯನ್ನು ಗಾಜಿನ ಕೌಂಟರ್ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸುವುದು. ಚಪ್ಪಟೆಯಾಗಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಹೊಟ್ಟೆ ಬಂದಿದ್ದರೆ ಬುಗುರಿಯಂತೆ ಸುತ್ತುತ್ತದೆ. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ಹತ್ತು ವರ್ಷದ ಮಕ್ಕಳಿಗೂ ಗೊತ್ತಿತ್ತು. ಸುತ್ತಿದರೆ ಹೊಸದು ಹಾಕಿಸುತ್ತಿದ್ದರು, ಮುಗಿಯಿತು.

ಬಾಯುವುದು ಏಕೆ? ಒಳಗೆ ತಾಮ್ರದ ಹಾಳೆಗೆ ಬಳಿದ ಗ್ರಾಫೈಟ್, ಅಲ್ಯೂಮಿನಿಯಂ ಹಾಳೆಗೆ ಬಳಿದ ಲೋಹದ ಆಕ್ಸೈಡ್, ಇವೆರಡರ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪದರ. ಎಲ್ಲವೂ ಬೇಗ ಹೊತ್ತಿಕೊಳ್ಳುವ ದ್ರಾವಣದಲ್ಲಿ ನೆನೆದಿರುತ್ತವೆ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವುದು ಒಳಗಿನ ತೇವ ಆವಿಯಾಗಿ ಹೊರನುಗ್ಗುವುದರಿಂದ. ಬ್ಯಾಟರಿಯಲ್ಲಿ ಆ ಕೆಲಸ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತದೆ: ವಯಸ್ಸು, ಬಿಸಿ, ಅತಿ ಚಾರ್ಜು ಸೇರಿ ದ್ರಾವಣ ಒಡೆದು ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್‌ನಂಥ ಅನಿಲಗಳು ಹುಟ್ಟುತ್ತವೆ. ಹೋಗಲು ದಾರಿಯಿಲ್ಲದೆ ಅವು ಹೊದಿಕೆಯನ್ನು ಉಬ್ಬಿಸುತ್ತವೆ. ಬಾತದ್ದೆಲ್ಲ ಸಿಡಿಯುವುದಿಲ್ಲ. ಆದರೆ ಬಾತ ಬ್ಯಾಟರಿಯ ಪದರಗಳು ಜರುಗಿರುತ್ತವೆ. ಅದನ್ನು ಒತ್ತಿದರೆ, ಬಗ್ಗಿಸಿದರೆ, ಚುಚ್ಚಿದರೆ ಎರಡು ಹಾಳೆಗಳು ಒಂದಕ್ಕೊಂದು ತಗುಲುತ್ತವೆ. ಆಮೇಲೆ ಶಾಖವೇ ಶಾಖವನ್ನು ಹೆಚ್ಚಿಸುತ್ತಾ ಹೋಗುತ್ತದೆ, ತಡೆಯುವುದು ಕಷ್ಟ. ಗಾಳಿ ಬಿಡುತ್ತೇನೆಂದು ಸೂಜಿಯಿಂದ ಚುಚ್ಚುವವರನ್ನು, ಎದ್ದ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುವವರನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಎರಡನ್ನೂ ಮಾಡಬೇಡಿ.

2010ರ ದಶಕದ ನಡುವಿನಲ್ಲಿ ಚಿತ್ರ ಬದಲಾಯಿತು. ಫೋನು ತೆಳುವಾಗಬೇಕಿತ್ತು, ನೀರಿಗೆ ಜಗ್ಗಬಾರದಿತ್ತು. ಗಟ್ಟಿ ಡಬ್ಬಿಯ ಬ್ಯಾಟರಿ ಹೋಗಿ ಮೆತ್ತನೆಯ ಹಾಳೆ ಚೀಲದ ಬ್ಯಾಟರಿ ಬಂತು, ಬೆನ್ನಿಗೆ ಅಂಟು ಬಿತ್ತು. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳ ಬ್ಯಾಟರಿಗೆ ಬೆಂಕಿ ಹತ್ತಿದಾಗ ವಿಮಾನಗಳಲ್ಲಿ ಅದಕ್ಕೆ ನಿಷೇಧ ಬಂತು, ನಮ್ಮ ಬೀದಿಗಳಲ್ಲಿ ಯಾರೂ ಬೆನ್ನು ಬಿಚ್ಚಿ ನೋಡಲಿಲ್ಲ. ಬಿಚ್ಚಲು ಬರುತ್ತಿರಲಿಲ್ಲ. ಕೌಂಟರ್ ಮೇಲೆ ತಿರುಗಿಸುವ ಪರೀಕ್ಷೆ ಹೀಗೆ ಸದ್ದಿಲ್ಲದೆ ಕಳೆದುಹೋಯಿತು. ಇದನ್ನು ನಾನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ. ಕಣ್ಣಿಗೆ ಕಾಣುತ್ತಿದ್ದ ಎಚ್ಚರಿಕೆ ಅಂಟಿನ ಹಿಂದೆ ಅಡಗಿತು.

2020ರಲ್ಲಿ ಆನ್‌ಲೈನ್ ತರಗತಿ ಶುರುವಾದಾಗ ಬೀರುವಿನಲ್ಲಿ ಮಲಗಿದ್ದ ಹಳೆಯ ಫೋನುಗಳೆಲ್ಲ ಎದ್ದು ಬಂದವು. ಮಗು ಪಾಠ ಕೇಳುತ್ತಿರುವಾಗಲೇ ಚಾರ್ಜು, ರಾತ್ರಿ ದಿಂಬಿನಡಿ ಚಾರ್ಜು. ಸಾಮಾನ್ಯವಾಗಿ ಈ ಬ್ಯಾಟರಿಗಳನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ದಾವಣಗೆರೆ, ಚಿತ್ರದುರ್ಗದ ಬೇಸಿಗೆಯಲ್ಲಿ ಹೊರಗೇ 38 ಡಿಗ್ರಿ ಇರುವಾಗ, ಶೀಟಿನ ಮನೆಯಲ್ಲಿ ಕೌದಿಯ ಮೇಲಿಟ್ಟ ಫೋನು ಎಷ್ಟು ಕಾಯುತ್ತದೆಂದು ಬೇರೆ ಹೇಳಬೇಕಿಲ್ಲ. 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದಾಗ ಎಲ್ಲರ ಗಮನ ಅತ್ತ ಹೋಯಿತು. ಪವರ್ ಬ್ಯಾಂಕ್, ರೀಚಾರ್ಜ್ ಟಾರ್ಚ್, ಟ್ರಿಮ್ಮರ್, ಮಕ್ಕಳ ಆಟಿಕೆಯ ಬ್ಯಾಟರಿಗಳು ಮನೆಯಲ್ಲೇ ಉಳಿದವು.

ಕಾನೂನು ಇಲ್ಲವೆಂದಲ್ಲ. ಬ್ಯಾಟರಿಗೆ ಐಎಸ್ 16046 ಎಂಬ ಮಾನದಂಡವಿದೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಕಸದ ವಿಷಯದಲ್ಲಿ 2001ರ ನಿಯಮಗಳು ಸೀಸದ ಬ್ಯಾಟರಿಯನ್ನಷ್ಟೇ ನೋಡಿದ್ದವು. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಲಿಥಿಯಂ ಸೇರಿ ಎಲ್ಲ ಬಗೆಯನ್ನೂ ಒಳಗೊಂಡವು, ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆಯನ್ನು ತಯಾರಕರಿಗೆ ಹೊರಿಸಿದವು. ಬ್ಯಾಟರಿ ಮೇಲೆ ಅಡ್ಡಗೀಟು ಹಾಕಿದ ಕಸದ ಡಬ್ಬಿಯ ಗುರುತು ಇರುವುದು ಇದಕ್ಕೇ: ಮಾಮೂಲಿ ಕಸಕ್ಕೆ ಹಾಕಬೇಡಿ ಎಂದು. ಹಾಗಾದರೆ ಎಲ್ಲಿಗೆ ಹಾಕಬೇಕು ಎಂಬುದನ್ನು ಆ ಗುರುತು ಹೇಳುವುದಿಲ್ಲ. ಸೀಸದ ಬ್ಯಾಟರಿಯಾದರೆ ಗುಜರಿಯವರು ತೂಕ ಹಾಕಿ ದುಡ್ಡು ಕೊಡುತ್ತಾರೆ. ಬಾತ ಫೋನ್ ಬ್ಯಾಟರಿಯನ್ನು ಕೇಳುವವರಿಲ್ಲ. ಕಸದ ಗಾಡಿಗೆ ಹೋದರೆ ಅಲ್ಲಿ ಅದು ಜಜ್ಜಿಹೋಗುತ್ತದೆ, ಜಜ್ಜಿದ ಬ್ಯಾಟರಿ ಹೊತ್ತಿಕೊಂಡರೆ ಮೊದಲು ಸುಡುವುದು ಕಸ ಆಯುವ ಪೌರಕಾರ್ಮಿಕರ ಕೈ.

ಹೋದ ಮಾರ್ಚ್‌ನಲ್ಲಿ ನಮ್ಮಮ್ಮನ ಫೋನಿನ ಪರದೆ ಎದ್ದಿತು. ಸ್ವಿಚ್ ಆಫ್ ಮಾಡಿ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನಕ್ಕೆ ಬ್ಯಾಟರಿ ಎಬ್ಬಿಸಿ, ಹೊಸದನ್ನು ಕೂರಿಸಿ, ಹಳೆಯದನ್ನು ನನ್ನ ಕೈಗೇ ಕೊಟ್ಟ. "ನಮ್ಮತ್ರ ಆಗ್ಲೇ ಒಂದ್ ಬಕೆಟ್ ಐತಣ್ಣ," ಎಂದು ಟೇಬಲ್ ಕೆಳಗೆ ತೋರಿಸಿದ. ಮರಳು ತುಂಬಿದ ಕಬ್ಬಿಣದ ಬಕೆಟ್‌ನಲ್ಲಿ ಉಬ್ಬಿದ ಬೆಳ್ಳಿ ಬಣ್ಣದ ಬ್ಯಾಟರಿಗಳು ಅರ್ಧ ಹೂತಿದ್ದವು. ಬೆಂಗಳೂರಿಗೆ ಹೋಗುವವರು ಸಿಕ್ಕಾಗ ಕಳಿಸುತ್ತಾನಂತೆ. ಅಮ್ಮನ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ಮಾಳಿಗೆಯ ನೆರಳಲ್ಲಿ ಮರಳಿನ ಕುಂಡದಲ್ಲಿಟ್ಟೆ. ಅದು ಇನ್ನೂ ಅಲ್ಲೇ ಇದೆ.