ಜಾಣಕಿವುಡಿನ ರೇಡಿಯೋ

ಸಕಲೇಶಪುರದಿಂದ ಹಾನುಬಾಳು ದಾಟಿ ಮೂಡಿಗೆರೆ ಕಡೆಗೆ ಹೋಗುವಾಗ ನನ್ನ ಸ್ನೇಹಿತರೊಬ್ಬರ ಕಾಫಿ ತೋಟ ಸಿಗುತ್ತದೆ. ಹೋದ ವರ್ಷ ಅವರು ಒಂದು ಹ್ಯಾಮ್ ರೇಡಿಯೋ, ಅಂದರೆ ಹ್ಯಾಮ್ ಎನ್ನುವ ಹವ್ಯಾಸಿಗಳು ದೂರದವರೊಡನೆ ಮಾತಾಡುವ ಸೆಟ್, ಕೊಂಡರು. ಬೆಲೆ ಬರೆದರೆ ಅವರ ಮನೆಯವರು ಓದಿಬಿಟ್ಟಾರು. ಆ ದುಡ್ಡಿಗೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಕಾರು ಬರುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಸೆಟ್ ಬಂದ ದಿನ ತೋಟದ ಮೇಸ್ತ್ರಿ ಬಾಗಿಲಲ್ಲೇ ನಿಂತು ಕೇಳಿದ: "ಗೌಡ್ರೆ, ಇದ್ರಲ್ಲಿ ಎಷ್ಟು ದೂರದ್ದು ಕೇಳ್ತದೆ?"

ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ಇದು. ಎರಡನೆಯದು, "ಎಷ್ಟು ವ್ಯಾಟ್?" ಎರಡಕ್ಕೂ ಉತ್ತರ ಹೇಳಬಹುದು, ಆದರೆ ಆ ಉತ್ತರಗಳಿಂದ ಇಷ್ಟು ದುಡ್ಡು ಯಾಕೆ ಎಂಬುದು ತಿಳಿಯುವುದಿಲ್ಲ. ದೂರದ್ದು ಕೇಳಲು ಇಂಥ ಸೆಟ್ ಬೇಕಾಗಿಯೇ ಇಲ್ಲ. ಕತ್ತಲಾದ ಮೇಲೆ 7 ಮೆಗಾಹರ್ಟ್ಸಿನಲ್ಲಿ ಮನೆಯಲ್ಲೇ ಬೆಸುಗೆ ಹಾಕಿ ಮಾಡಿದ ಪುಟ್ಟ ರಿಸೀವರಿಗೂ ಯುರೋಪಿನ ಮೋರ್ಸ್ ಸಂಕೇತದ ಕಟಕಟ ಕೇಳುತ್ತದೆ. ಹೊತ್ತು ತರುವ ಕೆಲಸವನ್ನು ವಾತಾವರಣದ ಮೇಲ್ಪದರವಾದ ಅಯಾನುಗೋಳ ಮಾಡುತ್ತದೆ, ಅದೂ ಪುಕ್ಕಟೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಸೆಟ್ ಆನ್ ಮಾಡಿ, ಆಂಟೆನಾ ವೈರನ್ನು ಹಿಂದಿನಿಂದ ಕಿತ್ತುಬಿಡಿ. ಸ್ಪೀಕರಿನ ಭೋರ್ಗರೆತ ಥಟ್ಟನೆ ಇಳಿದರೆ ಅದು ಸೆಟ್ಟಿನದಲ್ಲ, ಹೊರಗಿನದು ಎಂದಾಯಿತು. ಎಲ್ಲೋ ದೂರದ ಸಿಡಿಲು, ಊರಿನ ಎಲ್‌ಇಡಿ ಬಲ್ಬು, ಸೋಲಾರ್ ಇನ್ವರ್ಟರ್ ಎಲ್ಲ ಸೇರಿ ಮಾಡುವ ಗದ್ದಲ. ಈ ಬ್ಯಾಂಡಿನಲ್ಲಿ ಅದು ರಿಸೀವರಿನ ಸ್ವಂತ ಗುಸುಗುಸುವಿಗಿಂತ ನೂರಾರು ಪಟ್ಟು ದೊಡ್ಡದು. ಇನ್ನೂ ಚುರುಕು ಕಿವಿ ಕೊಂಡರೆ ಅದೇ ಗದ್ದಲ ಇನ್ನಷ್ಟು ಚೆನ್ನಾಗಿ ಕೇಳೀತು, ಅಷ್ಟೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರದ ಕಥೆ ಬೇರೆ. 1982ರಿಂದ ಅಲ್ಲಿನ ದೊಡ್ಡ ದೊಡ್ಡ ಬುಟ್ಟಿ ಆಂಟೆನಾಗಳು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಗೆ ಕಿವಿಗೊಟ್ಟಿವೆ. ಗಿಗಾಹರ್ಟ್ಸ್ ಅಲೆಗಳಲ್ಲಿ ಆಕಾಶ ಬಹಳ ನಿಶ್ಶಬ್ದ. ಅಲ್ಲಿ ರಿಸೀವರಿನ ಒಂದೊಂದು ಪಿಸುಮಾತೂ ಲೆಕ್ಕಕ್ಕೆ ಬರುತ್ತದೆ. ನಮ್ಮದು ಸಂತೆಯಲ್ಲಿ ಕೂತು ಕೇಳುವ ಕೆಲಸ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಕೇಳದಿರುವುದಕ್ಕೆ. ಜಾಣಕಿವುಡು ಎನ್ನುತ್ತೇವಲ್ಲ, ಅದಕ್ಕೆ. ನಮ್ಮಜ್ಜಿಗೆ ಸೊಸೆ ಎದುರಿಗೇ ನಿಂತು ಕರೆದರೂ ಕೇಳುತ್ತಿರಲಿಲ್ಲ, ಹಿತ್ತಿಲಲ್ಲಿ ತೆಂಗಿನಕಾಯಿ ಬಿದ್ದರೆ ಕೇಳುತ್ತಿತ್ತು. ದುಬಾರಿ ರಿಸೀವರಿನ ವಿದ್ಯೆಯೂ ಇಷ್ಟೇ.

ಈ ವಿದ್ಯೆ ಎಷ್ಟು ಕಷ್ಟದ್ದು ಎಂಬುದಕ್ಕೆ ಒಂದು ಲೆಕ್ಕ. ಹ್ಯಾಮ್‌ಗಳಿಗೆ ಬಿಟ್ಟ ಜಾಗ 7.0ರಿಂದ 7.2 ಮೆಗಾಹರ್ಟ್ಸ್. 2009ರ ಮಾರ್ಚ್‌ವರೆಗೆ 7.1ರ ಆಚೆಗೇ ಬ್ರಾಡ್‌ಕಾಸ್ಟ್ ಸ್ಟೇಷನ್ನುಗಳು ಕೂತಿದ್ದವು, ಈಗ 7.2ರ ಬೇಲಿಯಾಚೆ ಇವೆ, ನೂರಾರು ಕಿಲೋವ್ಯಾಟಿನವು. ಅಂಥ ಒಂದು ಸ್ಟೇಷನ್ನಿಗೂ ನೀವು ಹುಡುಕುತ್ತಿರುವ ಬಡಪಾಯಿ ಸಿಗ್ನಲ್ಲಿಗೂ 100 ಡೆಸಿಬೆಲ್ ಅಂತರ ಇರಬಹುದು. ಅಂದರೆ ಸಾವಿರ ಕೋಟಿ ಪಟ್ಟು. ಇತ್ತ 1 ಗ್ರಾಂ ಕರಿಮೆಣಸು, ಅತ್ತ ಹತ್ತು ಹತ್ತು ಟನ್ ತುಂಬಿದ ಸಾವಿರ ಲಾರಿ. ಲಾರಿಗಳು ಗುಡುಗುಡು ಎನ್ನುತ್ತಿರುವಾಗಲೇ ಮೆಣಸು ತೂಗಬೇಕು, ತಕ್ಕಡಿ ಅಲುಗಬಾರದು.

ಬೇಡದ ಅಲೆ ಸೋಸಲು ಜರಡಿ, ಅಂದರೆ ಫಿಲ್ಟರ್, ಇದೆಯಲ್ಲ, ಹಿಡಿದರಾಯಿತು ಎನ್ನಬಹುದು. ಚಿಕ್ಕಮಗಳೂರು, ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಜರಡಿ ಹೊಸದಲ್ಲ: ಎಎ, ಎ, ಬಿ, ಪೀಬೆರಿ ಎಲ್ಲ ತೂತಿನ ಅಳತೆ, ಆಕಾರದಲ್ಲೇ ಬೇರೆಯಾಗುತ್ತವೆ. ಆದರೆ ಕಲ್ಲು ಆಯುವುದು ಮೊದಲೋ ಕೊನೆಗೋ? ಕಲ್ಲುಸಮೇತ ಬೀಜವನ್ನು ಸಿಪ್ಪೆ ಬಿಡಿಸುವ ಮೆಷಿನ್ನಿಗೆ ಸುರಿದು, ಆಮೇಲೆ ಎಷ್ಟು ನಯದ ಜರಡಿ ಹಿಡಿದರೂ ಬಂದೀತೇ? ಮೆಷಿನ್ನೂ ಕೆಟ್ಟಿರುತ್ತದೆ, ಬೀಜವೂ ಒಡೆದಿರುತ್ತದೆ. ರೇಡಿಯೋದಲ್ಲೂ ಜರಡಿ ಎಷ್ಟು ನಯ ಎಂಬುದರ ಜೊತೆಗೆ ಅದನ್ನು ಎಲ್ಲಿ ಇಟ್ಟಿದ್ದಾರೆ ಎಂಬುದೂ ಮುಖ್ಯ.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಲೇಬೇಕು. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಅಮೆರಿಕದ ಸೈನ್ಯದ ಪರವಾಗಿ ಪ್ಯಾರಿಸ್ಸಿನಲ್ಲಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್‌ಗೆ ಒಂದು ಉಪಾಯ ಹೊಳೆಯಿತು. ಒಂದೊಂದು ಸ್ಟೇಷನ್ನಿಗೆ ಒಂದೊಂದು ಜರಡಿ ಯಾಕೆ? ಬರುವ ಅಲೆ ಯಾವುದೇ ಇರಲಿ, ಸೆಟ್ಟಿನೊಳಗೇ ಹುಟ್ಟಿಸಿದ ಇನ್ನೊಂದು ಅಲೆಯೊಂದಿಗೆ ಬೆರೆಸಿ, ಗೊತ್ತಾದ ಒಂದೇ ಆವರ್ತಾಂಕಕ್ಕೆ ಇಳಿಸಿಬಿಡುವುದು. ಊರೂರಿನ ಕೊಳಗ, ಬಳ್ಳಗಳನ್ನೆಲ್ಲ ಒಂದೇ ಸೇರಿಗೆ ತಂದು ಅಳೆದ ಹಾಗೆ. ಆ ಒಂದು ಜಾಗದಲ್ಲಿ ಎಷ್ಟು ಒಳ್ಳೆಯ ಜರಡಿ ಬೇಕಾದರೂ ಕಟ್ಟಬಹುದು. ಸೂಪರ್‌ಹೆಟರೊಡೈನ್ ಎಂಬ ಭಾರೀ ಹೆಸರಿನ ಈ ಉಪಾಯ ನಮ್ಮಜ್ಜನ ಮರ್ಫಿ ರೇಡಿಯೋದೊಳಗೂ ಇತ್ತು.

ಬರಬರುತ್ತಾ ತಯಾರಕರು ಬೇರೆ ಅನುಕೂಲಗಳಿಗಾಗಿ ಆ ಜಾಗವನ್ನು ಮೇಲಕ್ಕೆ, 70 ಮೆಗಾಹರ್ಟ್ಸಿನ ಸುಮಾರಿಗೆ, ಏರಿಸಿದರು. ಅಷ್ಟು ಮೇಲೆ ಇಕ್ಕಟ್ಟಾದ ಜರಡಿ ಮಾಡುವುದು ಕಷ್ಟ. ಹಾಗಾಗಿ ಮೊದಲ ಬಾಗಿಲು 15–20 ಕಿಲೋಹರ್ಟ್ಸ್ ಅಗಲಕ್ಕೆ ಹಾರುಹೊಡೆದಿರುತ್ತಿತ್ತು, ಕೊನೆಯ ಬಾಗಿಲಲ್ಲಿ ಮಾತ್ರ ಕಟ್ಟುನಿಟ್ಟು. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಸಾಲಿನಲ್ಲಿ ನಿಂತವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪಾಸ್ ನೋಡುವುದನ್ನು ಗರ್ಭಗುಡಿಯ ಹೊಸ್ತಿಲಿಗೆ ಇಟ್ಟರೆ ಏನಾದೀತು? ಪ್ರಾಕಾರದೊಳಗೇ ನೂಕುನುಗ್ಗಲು. ತಪಾಸಣೆ ರಸ್ತೆಯ ಬ್ಯಾರಿಕೇಡಿನಲ್ಲೇ ಆಗಬೇಕು. ರೇಡಿಯೋದ ಆ ಬ್ಯಾರಿಕೇಡಿಗೆ ರೂಫಿಂಗ್ ಫಿಲ್ಟರ್ ಎಂದು ಹೆಸರು. ಹೆಸರಿನಲ್ಲಿ ಚಾವಣಿ ಇದೆ, ಕೆಲಸ ಮಾತ್ರ ಹೆಬ್ಬಾಗಿಲಿನದು.

ಕೊಲರಾಡೋದ ರಾಬ್ ಶೆರ್ವುಡ್ ಎಂಬ ಹ್ಯಾಮ್ 1970ರ ದಶಕದಿಂದಲೂ ಇದೇ ಮಾತು ಹೇಳುತ್ತಾ ಬಂದವರು. ಪಕ್ಕದವ 20 ಕಿಲೋಹರ್ಟ್ಸ್ ದೂರದಲ್ಲಿದ್ದಾಗ ಸೆಟ್ ಚೆನ್ನಾಗಿದ್ದರೆ ಏನು ಬಂತು, 2 ಕಿಲೋಹರ್ಟ್ಸ್ ಹತ್ತಿರ ಬಂದಾಗ ಏನಾಗುತ್ತದೆ ತೋರಿಸಿ ಎಂದರು, ಹಾಗೆಯೇ ಅಳೆದು ಪಟ್ಟಿ ಮಾಡಿದರು. ದೊಡ್ಡ ಹೆಸರಿನ ಸೆಟ್ಟುಗಳ ಅಂಕಿ ಸರ್ರನೆ ಇಳಿಯಿತು. ಟೆನ್-ಟೆಕ್ ಓರಿಯನ್, ಎಲೆಕ್ರಾಫ್ಟ್ ಕೆ3 ಥರದ ಸೆಟ್ಟುಗಳು ಮೊದಲ ಜಾಗವನ್ನು ಮತ್ತೆ 8–9 ಮೆಗಾಹರ್ಟ್ಸಿಗೆ ಇಳಿಸಿ, ಅಲ್ಲಿ ಕೆಲವೇ ನೂರು ಹರ್ಟ್ಸಿನ ಸ್ಫಟಿಕದ ಫಿಲ್ಟರ್ ಕೂರಿಸಿದ ಮೇಲೆ ಅಂಕಿ ಮತ್ತೆ ಏರಿತು.

ಹೆಬ್ಬಾಗಿಲು ಹಾರುಹೊಡೆದಿದ್ದರೆ ಆಗುವ ತೊಂದರೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ದೆವ್ವ. ಹೌದು, ದೆವ್ವವೇ. 7.050ರಲ್ಲಿ ಒಬ್ಬ ಜೋರಾಗಿ ಮೋರ್ಸ್ ಬಡಿಯುತ್ತಿದ್ದಾನೆ, 7.052ರಲ್ಲಿ ಇನ್ನೊಬ್ಬ. ನಿಮ್ಮ ಸೆಟ್ಟಿನಲ್ಲಿ 7.048ಕ್ಕೂ 7.054ಕ್ಕೂ ತಿರುಗಿಸಿದರೆ ಅಲ್ಲೂ ಯಾರೋ ಬಡಿಯುತ್ತಿದ್ದಾರೆ! ಅಕ್ಷರ ಕೂಡುವುದಿಲ್ಲ, ಹೆಸರಿಲ್ಲ, ಕರೆದರೆ ಓಗೊಡುವುದಿಲ್ಲ. ಆ ಇಬ್ಬರ ಕೀಲಿಯೂ ಒಂದೇ ಕ್ಷಣ ಒತ್ತಿದ್ದಾಗ ಮಾತ್ರ ಕೇಳುವ, ಯಾವ ಭಾಷೆಗೂ ಸೇರದ ಕುಟ್ಟುವಿಕೆ. ಜಗತ್ತಿನಲ್ಲಿ ಅಂಥ ಸ್ಟೇಷನ್ ಎಲ್ಲೂ ಇಲ್ಲ. ನಿಮ್ಮ ಸೆಟ್ಟಿನ ಹೊಟ್ಟೆಯಲ್ಲೇ ಹುಟ್ಟಿದ್ದು. ಮಿತಿ ಮೀರಿ ತಿಂದ ಆಂಪ್ಲಿಫೈಯರೋ ಮಿಕ್ಸರೋ ಎರಡು ಅಲೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಲಾರದೆ ಕಲಸಿಬಿಡುತ್ತದೆ. ಒಂದರ ಎರಡು ಪಟ್ಟಿನಿಂದ ಇನ್ನೊಂದನ್ನು ಕಳೆಯಿರಿ, ದೆವ್ವದ ವಿಳಾಸ ಸಿಗುತ್ತದೆ.

ಈ ದೆವ್ವ ರೇಡಿಯೋಗಿಂತ ಹಳೆಯದು. ಇಟಲಿಯ ಪಿಟೀಲುಗಾರ ತಾರ್ತೀನಿ 1714ರಲ್ಲೇ, ಎರಡು ಸ್ವರ ಒಟ್ಟಿಗೆ ಜೋರಾಗಿ ನುಡಿಸಿದಾಗ ಯಾರೂ ನುಡಿಸದ ಮೂರನೆಯ ಸ್ವರ ಕೇಳುತ್ತದೆ ಎಂದು ಗುರುತಿಸಿದ್ದ. ಜೋಡಿ ನಾಗಸ್ವರದ ತೀರ ಹತ್ತಿರ ಕೂತವರಿಗೂ ಕಿವಿಯೊಳಗೆ ಏನೋ ಗುಂಯ್ ಎಂದ ಅನುಭವ ಇರಬಹುದು. ಅದು ಕಿವಿಯದೇ ಕಲಸುವಿಕೆ. 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್, ಆರೋಗ್ಯವಂತ ಕಿವಿ ತಾನೇ ಸಣ್ಣ ಸದ್ದು ಹೊರಡಿಸುತ್ತದೆ ಎಂದು ತೋರಿಸಿದರು. ಈಗ ಹಸುಗೂಸುಗಳ ಶ್ರವಣ ಪರೀಕ್ಷೆಯ ಒಂದು ವಿಧಾನದಲ್ಲಿ ಕಿವಿಗೆ ಎರಡು ಸ್ವರ ಬಿಟ್ಟು, ಲೆಕ್ಕದ ಪ್ರಕಾರ ಅದೇ ಜಾಗದಲ್ಲಿ ಮೂರನೆಯದು ಹೊರಬರುತ್ತದೆಯೇ ಎಂದು ಪುಟ್ಟ ಮೈಕಿನಲ್ಲಿ ನೋಡುತ್ತಾರೆ. ಬಂದರೆ ಮಗುವಿನ ಒಳಗಿವಿ ಚುರುಕಾಗಿದೆ. ರೇಡಿಯೋದವರು ಹೊಡೆದೋಡಿಸುವ ದೆವ್ವಕ್ಕೆ ಕಿವಿ ಡಾಕ್ಟರು ಕಾದು ಕೂರುತ್ತಾರೆ!

ಬಿಡಿಸುವ ಮಂತ್ರವೂ ಇದೆ. ಸೆಟ್ಟಿನ ಮುಂದೆ ಎಟಿಟಿ ಎಂಬ ಗುಂಡಿ ಇರುತ್ತದೆ, ಬರುವುದನ್ನೆಲ್ಲ ತಗ್ಗಿಸುವ ಅಟೆನ್ಯುಯೇಟರ್. ಅದರಿಂದ 10 ಡೆಸಿಬೆಲ್ ತಗ್ಗಿಸಿ. ನಿಜವಾದ ಸ್ಟೇಷನ್ ಹತ್ತನೇ ಒಂದಕ್ಕೆ ಇಳಿಯುತ್ತದೆ. ದೆವ್ವ ಸಾವಿರದಲ್ಲಿ ಒಂದಕ್ಕೆ! ಅದು ಹುಟ್ಟಿದ್ದೇ ಮೂರು ಗುಣಾಕಾರದಿಂದ, ಆದ್ದರಿಂದ ಇಳಿಯುವುದೂ ಮೂರು ಮೆಟ್ಟಿಲು. ನಿಂಬೆಹಣ್ಣು, ತಾಯಿತ ಏನೂ ಬೇಡ, ಒಂದು ಗುಂಡಿ. ಸೆಟ್ ದುಬಾರಿಯಾದಷ್ಟೂ ಈ ಗುಂಡಿಯ ಹಂಗು ಕಡಿಮೆ.

ಈಗಿನ ಸೆಟ್ಟುಗಳಲ್ಲಿ ಆರ್ಮ್‌ಸ್ಟ್ರಾಂಗನ ದಾರಿಯನ್ನೇ ಬಿಟ್ಟವೂ ಇವೆ. 2016ರಲ್ಲಿ ಬಂದ ಐಕಾಮ್ ಐಸಿ-7300 ಆಂಟೆನಾದಿಂದ ಬಂದದ್ದನ್ನು ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಸಲ ಅಳೆದು ನೇರವಾಗಿ ಅಂಕಿಗಳಾಗಿಸುತ್ತದೆ, ಜರಡಿ ಹಿಡಿಯುವುದೆಲ್ಲ ಆಮೇಲೆ ಗಣಿತದಲ್ಲಿ. ಬ್ಯಾಂಡಿಗೆ ಬ್ಯಾಂಡೇ ಪರದೆಯ ಮೇಲೆ ಬಣ್ಣವಾಗಿ ಸುರಿಯುತ್ತಿರುತ್ತದೆ. ಇದಕ್ಕೆ ವಾಟರ್‌ಫಾಲ್ ಎನ್ನುತ್ತಾರೆ. ಹೆಬ್ಬೆ ಜಲಪಾತದಷ್ಟು ಚೆಂದವಿಲ್ಲ, ಜಿಗಣೆಯೂ ಇಲ್ಲ. ಗಣಿತದ ಜರಡಿ ಸವೆಯದು, ನಿಜ. ಆದರೆ ಅಂಕಿಯಾಗಿಸುವ ಚಿಪ್ಪಿನ ಬಾಯಿಗೂ ಒಂದು ಅಳತೆ ಉಂಟು. ಅದು ತುಂಬಿ ತುಳುಕಿದರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಹಾಗಾಗಿ ಜಪಾನಿನ ಯಾಯೆಸು (Yaesu) ಕಂಪನಿಯ ಎಫ್‌ಟಿಡಿಎಕ್ಸ್101ರಂಥವು ಕೇಳಲು ಹಳೆಯ ಹೆಬ್ಬಾಗಿಲು, ನೋಡಲು ಹೊಸ ಪರದೆ ಎಂದು ಎರಡೂ ಇಟ್ಟುಕೊಂಡಿವೆ. ನನಗೆ ಆ ರಾಜಿಯೇ ಹಿಡಿಸುತ್ತದೆ.

ಇನ್ನು ಮಾತಾಡುವ ಕಡೆ. ನಮ್ಮ ಜನಕ್ಕೆ ರೇಡಿಯೋ ಎಂದರೆ ಕೇಳುವ ಪೆಟ್ಟಿಗೆ. ಆದರೆ 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದರು. ಆ ಬಾನುಲಿಯ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶದ್ದೇ ಆಯಿತು. ಈಗ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದವರು ಮನೆಯಿಂದ ಮಾತಾಡಬಹುದು. ಲೈಸೆನ್ಸ್ ಸಿಕ್ಕಿದ ಕೂಡಲೇ ಶುರುವಾಗುವುದು ವ್ಯಾಟಿನ ಹುಚ್ಚು. 100 ವ್ಯಾಟನ್ನು 400 ಮಾಡಿದರೆ ಕೇಳುವವನ ಮೀಟರಿನಲ್ಲಿ ಮುಳ್ಳು ಏರುವುದು ಒಂದೇ ಮನೆ. ಎರಡು ಸಿಲ್ವರ್ ಓಕ್ ಮರಗಳ ನಡುವಿನ 20 ಮೀಟರ್ ತಂತಿಯನ್ನು ಇನ್ನಷ್ಟು ಮೇಲಕ್ಕೆ ಎಳೆದು ಕಟ್ಟಿದರೆ ಅದಕ್ಕಿಂತ ಲಾಭ. ಪಕ್ಕದ ತೋಟದವರೊಬ್ಬರು ಆ ತಂತಿ ಕಟ್ಟಿದ ಮೇಲೇ ತಮ್ಮ ಮೆಣಸಿನ ಬಳ್ಳಿ ಸೊರಗಿತು ಎಂದು ಊರೆಲ್ಲ ಹೇಳಿಕೊಂಡು ಬಂದರು. ಸೊರಗು ರೋಗ ತರುವುದು ಫೈಟಾಫ್ತೋರಾ ಎಂಬ ಸೂಕ್ಷ್ಮಜೀವಿ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಹಬ್ಬುತ್ತದೆ. ಬಸಿಗಾಲುವೆ ತೆಗೆಸಿ ಎಂದರೆ ಅವರಿಗೆ ರುಚಿಸಲಿಲ್ಲ.

ಟ್ರಾನ್ಸ್‌ಮಿಟರಿಗೂ ಅದೇ ಕಲಸುವ ರೋಗ ಇದೆ. ಮೈಕಿನ ಗೇನ್ ಕಿವಿ ಹಿಂಡಿದಂತೆ ಏರಿಸಿಟ್ಟವನ ಮಾತು ತನ್ನ 3 ಕಿಲೋಹರ್ಟ್ಸ್ ಓಣಿ ಬಿಟ್ಟು ಅಕ್ಕಪಕ್ಕದವರ ಅಂಗಳಕ್ಕೂ ಚೆಲ್ಲುತ್ತದೆ. ಸಾಧಾರಣ ಸೆಟ್ಟುಗಳ ಈ ಹೊಲಸು ಅಸಲು ಸಿಗ್ನಲ್ಲಿಗಿಂತ ಸುಮಾರು 30 ಡೆಸಿಬೆಲ್ ಮಾತ್ರ ಕೆಳಗಿರುತ್ತದೆ. ಜಾಣಕಿವುಡು ಇಲ್ಲಿ ನಡೆಯದು. ಕಸ ನಿಮ್ಮ ಓಣಿಯೊಳಗೇ ಬಿದ್ದಿರುವಾಗ ಹೆಬ್ಬಾಗಿಲು ಏನು ಮಾಡೀತು? 100 ಡೆಸಿಬೆಲ್ಲಿನ ರಿಸೀವರ್ ಕೊಂಡವನ ಸುಖ ಪಕ್ಕದವನ ಟ್ರಾನ್ಸ್‌ಮಿಟರಿನ ಕೈಯಲ್ಲಿದೆ. ಕೆಲವು ಹೊಸ ಸೆಟ್ಟುಗಳು ಇದಕ್ಕೆ ಸೊಗಸಾದ ಮದ್ದು ಕಂಡುಕೊಂಡಿವೆ: ಹೊರಟ ಸಿಗ್ನಲ್ಲಿನ ಒಂದು ಹನಿಯನ್ನು ತಾವೇ ಹಿಂದಕ್ಕೆ ಪಡೆದು ಎಲ್ಲಿ ಸೊಟ್ಟಗಾಯಿತು ಎಂದು ನೋಡಿ, ಮುಂದಿನದನ್ನು ಅಷ್ಟೇ ಉಲ್ಟಾ ಸೊಟ್ಟಗೆ ಮಾಡಿ ಕಳಿಸುತ್ತವೆ. ಎಡಕ್ಕೆ ಎಳೆಯುವ ಎತ್ತು ಎಂದು ಗೊತ್ತಿರುವ ಗಾಡಿಯವನು ಹಗ್ಗವನ್ನು ಮೊದಲೇ ಬಲಕ್ಕೆ ಬಿಗಿ ಹಿಡಿದಂತೆ. ಗಾಡಿ ನೆಟ್ಟಗೆ ಹೋಗುತ್ತದೆ.

ಕೊನೆಗೆ ಮೇಸ್ತ್ರಿಯ ವಿಷಯ. ಅಲ್ಲೆಲ್ಲ ಆನೆ ಕಾಟ. ತೋಟಕ್ಕೆ ಸೋಲಾರ್ ಬೇಲಿ ಹಾಕಿದ್ದಾರೆ. ಅದು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಚುಟುಕು ಪೆಟ್ಟು ಕೊಡುತ್ತದೆ. ತಂತಿಗೆ ಹಸಿ ಬಳ್ಳಿ ತಾಗಿ ಕಿಡಿ ಹಾರಿದರೆ ಬೇಲಿಯೇ ಆಂಟೆನಾ ಆಗಿ, ರೇಡಿಯೋದಲ್ಲಿ ಟಕ್, ಟಕ್, ಟಕ್. ಇದಕ್ಕೆ ನಾಯ್ಸ್ ಬ್ಲ್ಯಾಂಕರ್ ಇದೆ. ಪೆಟ್ಟು ಬಿದ್ದ ಆ ಕ್ಷಣಕ್ಕೆ ಮಾತ್ರ ಬಾಗಿಲು ಮುಚ್ಚಿ ತೆರೆಯುತ್ತದೆ, ಮಾತು ಕೇಳುವವನಿಗೆ ಗೊತ್ತೇ ಆಗದಷ್ಟು ಬೇಗ. ಇದನ್ನು ಇಕ್ಕಟ್ಟಿನ ಫಿಲ್ಟರಿಗಿಂತ ಮೊದಲೇ ಇಡಬೇಕು. ಇಕ್ಕಟ್ಟಿನ ಫಿಲ್ಟರ್ ಎಂದರೆ ದೇವಸ್ಥಾನದ ಗಂಟೆ ಇದ್ದ ಹಾಗೆ: ಬೆರಳಿನಿಂದ ತಟ್ಟಿದರೂ ಬಹಳ ಹೊತ್ತು ಅನುರಣಿಸುತ್ತದೆ, ಚುಟುಕು ಪೆಟ್ಟು ಉದ್ದನೆಯ ಗುಂಯ್ ಆಗಿಬಿಡುತ್ತದೆ. ಆಮೇಲೆ ಕತ್ತರಿಸಲು ಹೋದರೆ ಮಾತೂ ಹೋಗುತ್ತದೆ.

ನನ್ನ ಸ್ನೇಹಿತರು ಇಷ್ಟೆಲ್ಲ ದುಡ್ಡು ಕೊಟ್ಟ ಆ ಬ್ಲ್ಯಾಂಕರನ್ನು ಸಂಜೆ ಐದು ನಿಮಿಷ ಬೇಕೆಂದೇ ಆಫ್ ಮಾಡಿಡುತ್ತಾರೆ. ಮೇಸ್ತ್ರಿ ಬಾಗಿಲಿಗೆ ಬಂದು ಈಗ ಕೇಳುವ ಪ್ರಶ್ನೆ ಬೇರೆ: "ಗೌಡ್ರೆ, ರೇಡಿಯೋ ಏನಂತದೆ?" ಟಕ್ ಟಕ್ ಜೋರಾಗಿದ್ದರೆ ಬೆಳಿಗ್ಗೆ ಇಬ್ಬರು ಆಳು ಕತ್ತಿ ಹಿಡಿದು ಬೇಲಿಯುದ್ದಕ್ಕೂ ಬಳ್ಳಿ ಸವರಲು ಹೋಗುತ್ತಾರೆ.