ಧ್ರುವ ನಕ್ಷತ್ರ ಕಾಣದಿದ್ದರೆ ಮೌಂಟ್ ಹೊಂದಿಸುವುದು ಹೇಗೆ?

ಪ್ರಶ್ನೆ: ನಮ್ಮ ತಾರಸಿಯ ಉತ್ತರಕ್ಕೆ ಪಕ್ಕದ ಕಟ್ಟಡ ಅಡ್ಡ ಬರುತ್ತದೆ. ಧ್ರುವ ನಕ್ಷತ್ರ ಕಾಣೋದೇ ಇಲ್ಲ. ಹೀಗಿದ್ದರೂ ಫೋಟೊ ತೆಗೆಯಲು ಟ್ರ್ಯಾಕಿಂಗ್ ಮೌಂಟ್ (ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಸಾಧನ) ಹೊಂದಿಸಬಹುದಾ?

ಖಂಡಿತ ಹೊಂದಿಸಬಹುದು. ಧ್ರುವ ನಕ್ಷತ್ರದ ಎತ್ತರ ಹೆಚ್ಚುಕಡಿಮೆ ಊರಿನ ಅಕ್ಷಾಂಶದಷ್ಟೇ ಇರುತ್ತದೆ. ಬೆಂಗಳೂರಲ್ಲಿ 13 ಡಿಗ್ರಿ, ಬೀದರಿನಲ್ಲಿ 18. ಮರೆಮಾಡಲು ಒಂದು ತೆಂಗಿನ ಮರ ಸಾಕು, ಅಲ್ವಾ? ಅದಕ್ಕೇ ನಮ್ಮ ಕಡೆಯವರು ಆ ನಕ್ಷತ್ರ ನಂಬಿಕೊಳ್ಳದೆ ಕೆಲಸ ಮಾಡುವುದನ್ನು ಕಲಿಯಲೇಬೇಕು ಅನ್ನುತ್ತೇನೆ. ಮೌಂಟಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತರೆ ಆಯಿತು. ಧ್ರುವ ನಕ್ಷತ್ರ ಅದಕ್ಕೊಂದು ಗುರುತು ಅಷ್ಟೇ. ಅದೂ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಜಾಸ್ತಿ ಪಕ್ಕದಲ್ಲಿದೆ.

ಬೆಳಕಿರುವಾಗಲೇ ಟ್ರೈಪಾಡ್ ಇಡಿ. ರಸಮಟ್ಟ ಇಟ್ಟು ಸಮ ಮಾಡಿ. ಮೌಂಟಿನ ಎತ್ತರದ ಅಳತೆಯನ್ನು ನಿಮ್ಮ ಅಕ್ಷಾಂಶಕ್ಕೆ ತನ್ನಿ. ದಿಕ್ಸೂಚಿಯಿಂದ ಉತ್ತರ ಹಿಡಿಯಿರಿ, ಆದರೆ ಕಬ್ಬಿಣದಿಂದ ದೂರ ನಿಂತು. ನಮ್ಮಲ್ಲಿ ಅಕ್ಷ ಹೆಚ್ಚುಕಡಿಮೆ ಮಲಗಿಯೇ ಇರುವುದರಿಂದ ಸಮತೋಲನದ ತೂಕ ಹಾಕುವ ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯಬಹುದು. ಕತ್ತಲಾಗುವ ಮೊದಲೇ ಕೈಯಿಂದ ತಿರುಗಿಸಿ ನೋಡಿ.

ಇಷ್ಟು ಸಾಕಾ? ಅದು ನೀವು ಬಳಸುವ ಲೆನ್ಸಿನ ಮೇಲೆ ನಿಂತಿದೆ. ಅಕ್ಷ ಒಂದು ಡಿಗ್ರಿ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಪಾಲು) ಜಾರುತ್ತದೆ. ಸಾಮಾನ್ಯ ಡಿಎಸ್‌ಎಲ್‌ಆರ್‌ಗೆ 24 ಎಂಎಂ ಲೆನ್ಸ್ ಹಾಕಿದರೆ ಅದು ಒಂದು ಪಿಕ್ಸೆಲ್ ಕೂಡ ಅಲ್ಲ. 200 ಎಂಎಂ ಹಾಕಿದರೆ ಮೂರ್ನಾಲ್ಕು ಪಿಕ್ಸೆಲ್, ಗೆರೆ ಕಾಣಿಸುತ್ತದೆ.

ಉದ್ದ ಲೆನ್ಸ್ ಅಥವಾ ಟೆಲಿಸ್ಕೋಪ್ ಇದ್ದವರು ಡ್ರಿಫ್ಟ್ ವಿಧಾನ ಕಲಿಯಿರಿ. ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಿರುವ, ಆಕಾಶದ ಸಮಭಾಜಕಕ್ಕೆ (ಭೂಮಿಯ ಸಮಭಾಜಕದ ನೇರ ಮೇಲಿನ ಗೆರೆಗೆ) ಹತ್ತಿರದ ಒಂದು ನಕ್ಷತ್ರ ಹಿಡಿಯಿರಿ. ಟ್ರ್ಯಾಕಿಂಗ್ ನಡೆಯುತ್ತಿರುವಾಗ ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ನೋಡಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಏರಿದೆ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ 8ಕ್ಕೆ ಮಹಾವ್ಯಾಧನ (ಒರಾಯನ್) ನಡುಪಟ್ಟಿಯ ಮಿಂಟಾಕ ನಕ್ಷತ್ರ ಈ ಪೂರ್ವದ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಪರದೆಯಲ್ಲಿ ದಕ್ಷಿಣ ಯಾವುದು ಅಂತ ಗೊಂದಲವಾದರೆ ಟೆಲಿಸ್ಕೋಪನ್ನು ಚೂರು ಉತ್ತರಕ್ಕೆ ಸರಿಸಿ. ನಕ್ಷತ್ರ ಓಡಿದ ಕಡೆಯೇ ದಕ್ಷಿಣ.

ಲ್ಯಾಪ್‌ಟಾಪ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಆಕಾಶದ ಫೋಟೊ ತೆಗೆಯುವವರು ಬಳಸುವ ‘ನೀನಾ’ (N.I.N.A.) ತಂತ್ರಾಂಶಕ್ಕೆ ಸಿಗುವ ಮೂರು ಬಿಂದುಗಳ ವಿಧಾನ ಆಕಾಶದ ಯಾವುದೇ ಭಾಗದ ಮೂರು ಫೋಟೊ ನೋಡಿ ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಯಾವ ದಾರಿ ಹಿಡಿದರೂ ತಿರುಪು ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ನೋಡಿ. ಬಿಗಿ ಮಾಡುವಾಗಲೇ ಅಕ್ಷ ಕದಲುವುದುಂಟು.